ಧಾರಣೆಗೆ ಸರ್ಕಾರದ ಕಟ್ಟು: ವಿರೋಧವೇಕೆ, ಬೆಂಬಲವೇಕೆ?



ಕೊಡಿಗೇಹಳ್ಳಿಯ ಅರಳೀಕಟ್ಟೆಯಲ್ಲಿ ಹಿರಿಯರೊಬ್ಬರು ಕೇಳಿದರು: "ಏನು ಸ್ವಾಮಿ, ರಾಗಿಗೆ ಸರ್ಕಾರ ಬೆಲೆ ಕಟ್ಟಿದರೆ ನಮಗೆ ಒಳ್ಳೆಯದೋ, ಕೆಟ್ಟದ್ದೋ?" ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಏಕೆಂದರೆ ಕಟ್ಟು ಎರಡು ಬಗೆಯದು.

1. ಮೇಲಿನ ಕಟ್ಟು: ಇದಕ್ಕಿಂತ ಹೆಚ್ಚಿಗೆ ಮಾರಕೂಡದು ಎಂಬುದು. ಇದು ಕೊಳ್ಳುವವನಿಗೆ ಆಸರೆ.
2. ಕೆಳಗಿನ ಕಟ್ಟು: ಇದಕ್ಕಿಂತ ಕಡಿಮೆ ಕೊಡಕೂಡದು ಎಂಬುದು. ಬೆಂಬಲ ಬೆಲೆಯೂ ಕನಿಷ್ಠ ಕೂಲಿಯೂ ಈ ಬಗೆಯವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಷನ್ನೂ ಧಾನ್ಯದ ಲೆವಿಯೂ ಬಂದವು. ಕಂಟ್ರೋಲಿನಿಂದ ಕಾಳಸಂತೆ, ಮೋಸ ಬೆಳೆಯುತ್ತವೆಂದು 1947ರಲ್ಲಿ ಗಾಂಧೀಜಿ ವಿರೋಧಿಸಿದರು. ಆ ವರ್ಷದ ಕೊನೆಯಲ್ಲಿ ಕಟ್ಟನ್ನು ಸಡಿಲಿಸಲಾಯಿತು, ಧಾರಣೆ ಏರಿತು, 1948ರಲ್ಲಿ ಕಟ್ಟು ಮರಳಿ ಬಂತು. 1952ರಲ್ಲಿ ನೆರೆಯ ಮದರಾಸಿನಲ್ಲಿ ಮುಖ್ಯಮಂತ್ರಿ ರಾಜಾಜಿಯವರು ರೇಷನ್ ತೆಗೆದರು. ಈ ಸಲ ಕಟ್ಟು ತೆಗೆದದ್ದು ಫಲಿಸಿತು, ಮಳೆಯೂ ಕೈಹಿಡಿಯಿತು. 1959ರಲ್ಲಿ ಅವರೂ ರೈತ ಮುಖಂಡ ಎನ್.ಜಿ. ರಂಗಾ ಅವರೂ ಸ್ವತಂತ್ರ ಪಕ್ಷವನ್ನು ಕಟ್ಟಿ, ಪರ್ಮಿಟ್ಟು ಲೈಸೆನ್ಸುಗಳ ಆಡಳಿತವನ್ನು ಎದುರಿಸಿದರು.

ನಮ್ಮ ರಾಜ್ಯದಲ್ಲಿ 1980ರ ದಶಕದಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳುತನದ ರೈತ ಸಂಘದ ಕೂಗು ಬೇರೆಯಾಗಿತ್ತು. ಸರ್ಕಾರ ದೂರ ಸರಿಯಲಿ ಎಂದಲ್ಲ, ಖರ್ಚನ್ನು ಲೆಕ್ಕ ಹಾಕಿ ವೈಜ್ಞಾನಿಕ ಬೆಲೆ ಕೊಡಲಿ ಎಂಬುದು ಅದರ ಬೇಡಿಕೆ.

ಲೆಕ್ಕ ನೋಡೋಣ. ಎಕರೆ ರಾಗಿಗೆ 24,000 ರೂಪಾಯಿ ಖರ್ಚು, ಇಳುವರಿ 8 ಕ್ವಿಂಟಾಲು ಎಂದಿಟ್ಟುಕೊಳ್ಳಿ. ಕ್ವಿಂಟಾಲಿಗೆ ಬಿದ್ದ ಖರ್ಚು 3,000. ಮೇಲಿನ ಕಟ್ಟು 2,800 ಆದರೆ ಬೆಳೆದವನಿಗೆ 200 ನಷ್ಟ. ಮರುವರ್ಷ ಅವನು ರಾಗಿ ಬಿತ್ತುವುದಿಲ್ಲ. ವಿರೋಧಿಸುವವರ ವಾದದ ತಿರುಳು ಇದೇ. ಕೆಳಗಿನ ಕಟ್ಟು 3,500 ಆದರೆ 500 ಉಳಿತಾಯ. ಆದರೆ ಖರೀದಿ ಕೇಂದ್ರ ಹೊತ್ತಿಗೆ ತೆರೆಯದಿದ್ದರೆ ಆ ಬೆಲೆ ಕಾಗದದ ಮೇಲೆಯೇ ಉಳಿಯುತ್ತದೆ. 2025-26ರ ಹಂಗಾಮಿಗೆ ಕೇಂದ್ರವು ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ.

ಕೂಲಿಯ ಮಾತೂ ಹೀಗೆಯೇ. 1948ರ ಕನಿಷ್ಠ ವೇತನ ಕಾನೂನು ಬೇಸಾಯದ ಕೂಲಿಯನ್ನೂ ಸೇರಿಸಿಕೊಂಡಿತು. "ನನ್ನ ಬೆಳೆಗೆ ಬೆಲೆ ಗೊತ್ತಿಲ್ಲ, ಕೂಲಿ ಮಾತ್ರ ಗೊತ್ತುಮಾಡಿದರೆ ಹೇಗೆ?" ಎಂದು ರೈತ ಕೇಳುವುದು ನ್ಯಾಯವೇ. ದಿನವೆಲ್ಲ ಬಗ್ಗಿ ಕಳೆ ತೆಗೆದವಳ ಮನೆಯಲ್ಲಿ ಒಲೆ ಉರಿಯಬೇಕೆಂಬುದೂ ನ್ಯಾಯವೇ. ಸಣ್ಣ ಹಿಡುವಳಿದಾರ ಸುಗ್ಗಿಯಲ್ಲಿ ಮಾರುತ್ತಾನೆ, ಬೇಸಗೆಯಲ್ಲಿ ಕೊಳ್ಳುತ್ತಾನೆ, ನಡುವೆ ಕೂಲಿಗೂ ಹೋಗುತ್ತಾನೆ. ಆದ್ದರಿಂದ ಯಾವ ಪಕ್ಷದವರು ಬಂದು ಹೇಳಿದರೂ ಮೂರು ಪ್ರಶ್ನೆ ಕೇಳಿರಿ: ಕಟ್ಟು ಮೇಲಿನದೋ ಕೆಳಗಿನದೋ? ಖರ್ಚನ್ನು ಲೆಕ್ಕ ಹಾಕಿದವರಾರು? ಆ ಬೆಲೆಗೆ ಕೊಳ್ಳುವವರಾರು?

ಇದಕ್ಕೆ ಮೊದಲು ನಿಮ್ಮ ಖರ್ಚು ನಿಮಗೆ ತಿಳಿದಿರಬೇಕು. ಬಿತ್ತನೆಯ ದಿನದಿಂದಲೇ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ.