ಎಳೆಯ ಮೈಯೂ ಪಾಲಕರ ಸಹಿಯೂ

ಮಗು ಹುಟ್ಟಿದ ಮನೆಯಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆಗೆ ಹೆರಿಗೆ ಮಾಡಿಸಿದ ವೈದ್ಯೆಯೂ ಒಡನೆ ಉತ್ತರ ಹೇಳಲಾರದ ಪ್ರಸಂಗಗಳು ಅಪರೂಪವಾದರೂ ಇಲ್ಲದಿಲ್ಲ. ಜನನಾಂಗದ ರಚನೆಯಾಗಲಿ, ವರ್ಣತಂತುಗಳಾಗಲಿ, ಗ್ರಂಥಿಗಳ ಸ್ರಾವವಾಗಲಿ ಗಂಡು-ಹೆಣ್ಣುಗಳ ರೂಢಿಯ ಲಕ್ಷಣಗಳೊಡನೆ ಪೂರ್ತಿಯಾಗಿ ಹೊಂದದ ಇಂತಹ ಶಿಶುಗಳನ್ನು ಅಂತರಲಿಂಗಿಗಳೆಂದು ಕರೆಯುತ್ತಾರೆ. ಚನ್ನಗಿರಿ, ಹೊನ್ನಾಳಿ, ಜಗಳೂರುಗಳಿಂದ ದಾವಣಗೆರೆಗೂ, ನ್ಯಾಮತಿಯ ಕಡೆಯವರಾದರೆ ಹತ್ತಿರದ ಶಿವಮೊಗ್ಗಕ್ಕೂ ಕೂಸನ್ನು ಎತ್ತಿಕೊಂಡು ಹೋದ ತಂದೆತಾಯಿಗಳು, ನಾಮಕರಣದ ದಿನ ಸಮೀಪಿಸುತ್ತಿರಲು ನೆಂಟರಿಷ್ಟರ ಬಾಯಿಗೆ ಅಂಜಿ, “ಏನಾದರೂ ಮಾಡಿ ಒಂದು ದಾರಿಗೆ ತನ್ನಿ ಸ್ವಾಮಿ” ಎಂದು ವೈದ್ಯರೆದುರು ಕೈಮುಗಿದು ನಿಲ್ಲುವುದು ಸಹಜವೇ. ಆದರೆ ಆ ಮೊರೆಗೆ ಓಗೊಟ್ಟು ನಡೆಯುವ ಶಸ್ತ್ರಕ್ರಿಯೆಯು ಮಗುವಿನ ಹಿತಕ್ಕೋ ಹಿರಿಯರ ಸಮಾಧಾನಕ್ಕೋ ಎಂದು ನ್ಯಾಯಾಲಯಗಳು ಈಗ ಕೇಳತೊಡಗಿವೆ.

ತುರ್ತಾವುದು, ತುರ್ತಲ್ಲದ್ದಾವುದು ಎಂಬ ವಿವೇಚನೆಯಿಲ್ಲದೆ ಈ ವಿಷಯದಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು. ಅಡ್ರಿನಲ್ ಗ್ರಂಥಿಯ ಜನ್ಮಜಾತ ದೋಷದ ಒಂದು ಬಗೆಯಲ್ಲಿ ದೇಹದ ಲವಣಾಂಶ ಮೂತ್ರದಲ್ಲಿ ಹರಿದುಹೋಗಿ, ಹುಟ್ಟಿದ ಎರಡು ಮೂರು ವಾರಗಳಲ್ಲಿಯೇ ವಾಂತಿ, ನಿರ್ಜಲತೆಗಳಿಂದ ಶಿಶುವಿನ ಪ್ರಾಣಕ್ಕೆ ಸಂಚಕಾರ ಬರುವುದುಂಟು. ರಕ್ತದ ಸೋಡಿಯಂ, ಪೊಟ್ಯಾಸಿಯಂಗಳನ್ನು ಕೂಡಲೇ ಪರೀಕ್ಷಿಸಿ ಹೈಡ್ರೊಕಾರ್ಟಿಸೋನ್ ಔಷಧವನ್ನೂ ಉಪ್ಪನ್ನೂ ಕೊಡದಿದ್ದರೆ ಕೂಸು ಉಳಿಯದು. ಇಲ್ಲಿ ತುರ್ತಾಗಿ ಬೇಕಾದದ್ದು ಔಷಧವೇ ಹೊರತು ಕತ್ತಿಯಲ್ಲ. ಮೂತ್ರ ಕಟ್ಟಿಹೋಗಿದ್ದರೆ ಶಸ್ತ್ರಕ್ರಿಯೆ ಅನಿವಾರ್ಯವಾದೀತು. ಆದರೆ ಅಂಗವನ್ನು ನೋಟಕ್ಕೆ ಹೆಣ್ಣಿನಂತೆಯೋ ಗಂಡಿನಂತೆಯೋ ತಿದ್ದುವ, ಆರೋಗ್ಯವಾಗಿರುವ ಬೀಜಗ್ರಂಥಿಗಳನ್ನು ತೆಗೆಯುವ ಕ್ರಿಯೆಗಳು ಈ ವರ್ಗಕ್ಕೆ ಸೇರಿದವಲ್ಲ. ಮೊದಲನೆಯದರಿಂದ ಸ್ಪರ್ಶಜ್ಞಾನ ಕುಂದಬಹುದು. ಎರಡನೆಯದರಿಂದ ಸಂತಾನಶಕ್ತಿ ನಾಶವಾಗಿ, ಜೀವಮಾನವಿಡೀ ಹಾರ್ಮೋನು ಔಷಧದ ಆಶ್ರಯ ಬೇಕಾದೀತು.

ತೂತ್ತುಕುಡಿಯಲ್ಲಿ ಒಂದು ವಿವಾಹವನ್ನು ನೋಂದಾಯಿಸಲು ಅಧಿಕಾರಿಗಳು ನಿರಾಕರಿಸಿದ ವ್ಯಾಜ್ಯವು ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಮುಂದೆ ಬಂದಾಗ, 2019ರ ಏಪ್ರಿಲ್ 22ರಂದು ನ್ಯಾಯಮೂರ್ತಿ ಜಿ. ಆರ್. ಸ್ವಾಮಿನಾಥನ್ ಅವರು ಆ ಪ್ರಶ್ನೆಯೊಡನೆಯೇ ಅಂತರಲಿಂಗಿ ಶಿಶುಗಳ ವಿಷಯವನ್ನೂ ಎತ್ತಿಕೊಂಡು, ಪಾಲಕರ ಒಪ್ಪಿಗೆಯು ಮಗುವಿನ ಒಪ್ಪಿಗೆಯಾಗಲಾರದೆಂದು ಸಾರಿದರು. ಅದರಂತೆ ತಮಿಳುನಾಡು ಸರ್ಕಾರ ಅದೇ ವರ್ಷದ ಆಗಸ್ಟಿನಲ್ಲಿ, ಪ್ರಾಣಾಪಾಯದ ಸಂದರ್ಭಗಳ ಹೊರತು, ಇಂತಹ ಶಸ್ತ್ರಕ್ರಿಯೆಗಳನ್ನು ನಿಷೇಧಿಸಿತು. 2023ರ ಆಗಸ್ಟಿನಲ್ಲಿ ಏಳು ವರ್ಷದ ಮಗುವೊಂದರ ತಂದೆತಾಯಿಗಳೇ ಶಸ್ತ್ರಕ್ರಿಯೆಗೆ ಅನುಮತಿ ಬೇಡಿ ಕೇರಳ ಹೈಕೋರ್ಟಿಗೆ ಹೋದಾಗ ನ್ಯಾಯಮೂರ್ತಿ ವಿ. ಜಿ. ಅರುಣ್ ಅವರು ಅದನ್ನು ಕೊಡಲಿಲ್ಲ. ತಜ್ಞರ ಸಮಿತಿಯೊಂದು ಪರೀಕ್ಷಿಸಿ, ಜೀವರಕ್ಷಣೆಗೆ ಅಗತ್ಯವೆಂದು ಹೇಳಿದರೆ ಮಾತ್ರ ನಡೆಯಲೆಂದರು. ಇವು ಕರ್ನಾಟಕದ ಆಸ್ಪತ್ರೆಗಳನ್ನು ನೇರವಾಗಿ ಬಂಧಿಸುವುದಿಲ್ಲವಾದರೂ, ನಮ್ಮ ಹೈಕೋರ್ಟಿನ ಮುಂದೆ ವಾದಕ್ಕೆ ಬಲ ಕೊಡತಕ್ಕ ತೀರ್ಪುಗಳು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕೇಂದ್ರ ಕಾಯ್ದೆಯು ಅಂತರಲಿಂಗಿಗಳನ್ನು ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡೂ ಶಿಶುಗಳ ಶಸ್ತ್ರಕ್ರಿಯೆಯ ಬಗೆಗೆ ಮೌನ ತಾಳಿದ್ದು ದೊಡ್ಡ ಲೋಪವೆಂದೇ ನನಗೆ ತೋರುತ್ತದೆ. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಈ ವಿಷಯವಾಗಿ ಕೇಂದ್ರಕ್ಕೆ ನೋಟೀಸು ಕೊಟ್ಟಿತು.

ಹಾಗಾದರೆ ಪಾಲಕರ ಕೈಯಲ್ಲಿ ಏನಿದೆ? ಸಹಿ ಹಾಕದಿರುವ ಅಧಿಕಾರವಿದೆ. ಶಸ್ತ್ರಕ್ರಿಯೆಯ ಹಿಂದಿನ ಸಂಜೆ ದಾದಿಯು ತಂದಿಡುವ ಒಪ್ಪಿಗೆ ಪತ್ರವು ಬಹುಪಾಲು ಇಂಗ್ಲಿಷಿನಲ್ಲಿದ್ದು, ಕ್ರಿಯೆಯ ಹೆಸರು ಬರೆಯಬೇಕಾದ ಗೆರೆ ಖಾಲಿಯಿದ್ದು, ಎಲ್ಲವನ್ನೂ ನನ್ನ ಭಾಷೆಯಲ್ಲಿ ತಿಳಿಸಿದ್ದಾರೆ ಎಂಬ ಅಚ್ಚಾದ ಸಾಲಿನ ಕೆಳಗೆ ಹೆಬ್ಬೆಟ್ಟಿಗೆ ಜಾಗವಿದ್ದರೆ, ಅಂತಹ ಒಪ್ಪಿಗೆಯನ್ನು ಒಪ್ಪಿಗೆಯೆನ್ನಲಾಗದು. ಕ್ರಿಯೆಯ ಸ್ವರೂಪ, ಉದ್ದೇಶ, ಅಪಾಯ, ಬದಲಿ ಮಾರ್ಗಗಳನ್ನು ತಿಳಿಸಬೇಕೆಂದೂ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಚಿಕಿತ್ಸೆಗೆ ಸಲ್ಲದೆಂದೂ ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ನಿರ್ಣಯಿಸಿದೆ. ಆದುದರಿಂದ ಖಾಲಿ ಗೆರೆಯನ್ನು ಕನ್ನಡದಲ್ಲಿ ತುಂಬಿಸಿಕೊಂಡು, “ಈಗಲೇ ಮಾಡದಿದ್ದರೆ ಮಗುವಿನ ಜೀವಕ್ಕೆ ಏನಾಗುತ್ತದೆ?” ಎಂದು ಕೇಳಿ, ಏನೂ ಆಗದೆಂದಾದರೆ ಕಾಯಬಹುದು; ಮಕ್ಕಳ ಹಾರ್ಮೋನು ತಜ್ಞರಿಂದ ಎರಡನೆಯ ಅಭಿಪ್ರಾಯವನ್ನೂ ಪಡೆಯಬಹುದು.

ಜನನ ನೋಂದಣಿಗೆ ಹೆದರಿ ಅವಸರ ಪಡುವವರೂ ಉಂಟು. ಜನನವನ್ನು 21 ದಿನಗಳೊಳಗೆ ತಿಳಿಸಬೇಕೆಂಬುದು ನಿಜ. ಆದರೆ ಗಂಡೆಂದೋ ಹೆಣ್ಣೆಂದೋ ಬರೆಸಿ ಹಾಗೆಯೇ ಸಾಕುವುದಕ್ಕೆ ಶಸ್ತ್ರಕ್ರಿಯೆಯೇ ಆಗಿರಬೇಕೆಂಬ ನಿಯಮವೆಲ್ಲಿಯೂ ಇಲ್ಲ. ಪ್ರಾಪ್ತವಯಸ್ಕರ ಜನನ ಪತ್ರದಲ್ಲಿ ಬದಲಾದ ಹೆಸರು, ಲಿಂಗಗಳನ್ನು ನಮೂದಿಸಲು ಕರ್ನಾಟಕ ಹೈಕೋರ್ಟು 2024ರ ಡಿಸೆಂಬರಿನಲ್ಲಿ ದಾರಿ ಮಾಡಿಕೊಟ್ಟಿದೆ.

ಶಸ್ತ್ರಕ್ರಿಯೆಗೆ ಒತ್ತಾಯ ಬಂದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗೋ ದಾವಣಗೆರೆಯ ಜಿಲ್ಲಾ ಪ್ರಾಧಿಕಾರಕ್ಕೋ ಹೋಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ಉಚಿತ. ಈ ನೆರವಿನ ದೂರವಾಣಿ 15100, ಮಕ್ಕಳ ಸಹಾಯವಾಣಿ 1098. ವೈದ್ಯರ ನಡತೆಯ ಮೇಲಣ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಸಲ್ಲುತ್ತದೆ.

ದಾಖಲೆಗಳ ಮಾತನ್ನು ಮರೆಯಬಾರದು. 2002ರ ವೈದ್ಯಕೀಯ ನೀತಿ ನಿಯಮಗಳಂತೆ, ಕೇಳಿದ 72 ಗಂಟೆಗಳೊಳಗೆ ಪ್ರತಿಗಳನ್ನು ಕೊಡತಕ್ಕದ್ದು. ಆದರೆ ಒಳರೋಗಿಗಳ ದಾಖಲೆಯನ್ನು ವೈದ್ಯರು ಕಾಪಾಡಬೇಕಾದದ್ದು ಮೂರೇ ವರ್ಷ. ಇತ್ತ ಶೈಶವದಲ್ಲಿ ಶಸ್ತ್ರಕ್ರಿಯೆಗೊಳಗಾದವರು, 1963ರ ಕಾಲಮಿತಿ ಕಾಯ್ದೆಯಂತೆ, ಹದಿನೆಂಟು ತುಂಬಿದ ಮೇಲೆ ಗರಿಷ್ಠ ಮೂರು ವರ್ಷಗಳೊಳಗೆ ಸ್ವತಃ ಪರಿಹಾರದ ದಾವೆ ಹೂಡಬಲ್ಲರು. ಅಷ್ಟರಲ್ಲಿ ಆಸ್ಪತ್ರೆಯ ಕಡತವು ಉಳಿದಿರುವುದು ಸಂಶಯ. ಆದುದರಿಂದ ವರ್ಣತಂತು ಪರೀಕ್ಷೆಯ ವರದಿ, ಡಿಸ್‌ಚಾರ್ಜ್ ಕಾರ್ಡು, ಒಪ್ಪಿಗೆ ಪತ್ರದ ನಕಲು, ಇವಿಷ್ಟನ್ನೂ ತಾಯಿ ಕಾರ್ಡಿನ ಜೊತೆ ಮನೆಯಲ್ಲಿಯೇ ಜೋಪಾನವಾಗಿಟ್ಟು, ಮಗು ಬೆಳೆದು ಕೇಳಿದಾಗ ಅದರ ಕೈಗೆ ಕೊಡತಕ್ಕದ್ದು.