ಮಣಿಕೊಂಡದ ಹೊಗೆ: ಯಾರ ಹೃದಯಕ್ಕೆ ಎಷ್ಟು?



"ಡಾಕ್ಟ್ರೇ, ಮನೆಗೆ ಏರ್ ಪ್ಯೂರಿಫೈಯರ್ ತಗೊಳ್ಳೋಣವಾ?" ಮಣಿಕೊಂಡದ ಕನ್ನಡಿಗರು ನನ್ನನ್ನು ಆಗಾಗ ಕೇಳುತ್ತಾರೆ. ಕೇಳುವವರು ಸಾಮಾನ್ಯವಾಗಿ ಹತ್ತನೇ ಮಹಡಿಗಿಂತ ಮೇಲಿನವರು. ಅದೇ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹನ್ನೆರಡು ಗಂಟೆ ಕೂರುವ ಕಾವಲುಗಾರ ಇದನ್ನು ಕೇಳುವುದಿಲ್ಲ. ಆತ ಬರುವುದು ಎದೆನೋವು ಬಂದ ಮೇಲೆ.

ವಾಹನದ ಹೊಗೆ ರಸ್ತೆಯಂಚಿನಲ್ಲೇ ಅತಿ ದಟ್ಟ. ನೂರೈವತ್ತು, ಇನ್ನೂರು ಮೀಟರ್ ಒಳಗೆ ಹೋದರೆ ಸಾಕಷ್ಟು ಇಳಿಯುತ್ತದೆ. ಆದರೆ ಕಿರಿದಾದ ರಸ್ತೆಯ ಎರಡೂ ಬದಿ ಎತ್ತರದ ಕಟ್ಟಡಗಳಿದ್ದರೆ ಗಾಳಿಯಾಡದೆ ಹೊಗೆ ಅಲ್ಲೇ ನಿಲ್ಲುತ್ತದೆ. ಸಂಜೆ ಗಚ್ಚಿಬೌಲಿ ಕಡೆಯಿಂದ ಕಾರುಗಳು ತೆವಳುತ್ತಾ ಬರುವಾಗ ನಾವು ಗಾಜು ಏರಿಸಿ ಎಸಿಯಲ್ಲಿರುತ್ತೇವೆ. ಪಕ್ಕದಲ್ಲೇ ಡೆಲಿವರಿ ಹುಡುಗ, ಆಟೋದವರು, ಮಿರ್ಚಿ ಬಜ್ಜಿ ಗಾಡಿಯಾಕೆ. ಉಗುಳುವುದು ನಮ್ಮ ಕಾರು, ಕುಡಿಯುವುದು ಅವರು.

ಹೊಗೆ ಶ್ವಾಸಕೋಶಕ್ಕಲ್ಲವೇ, ಹೃದಯಕ್ಕೇನು ಎನ್ನಬೇಡಿ. ಪಿಎಂ 2.5 ಕಣ ತಲೆಗೂದಲ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಅದು ಶ್ವಾಸಕೋಶದ ತುದಿಯವರೆಗೆ ಇಳಿದು ಉರಿಯೂತ ಎಬ್ಬಿಸುತ್ತದೆ. ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 40!

ಜರ್ಮನಿಯ ಆಗ್ಸ್‌ಬರ್ಗ್‌ನ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಟ್ರಾಫಿಕ್‌ನಲ್ಲಿದ್ದ ಒಂದು ಗಂಟೆಯೊಳಗೆ ಹೃದಯಾಘಾತದ ಸಂಭವ ಸುಮಾರು ಮೂರು ಪಟ್ಟು. (ಕಾರಿನಲ್ಲಿದ್ದವರೂ ಸೇರಿ, ಒತ್ತಡ, ಸದ್ದಿನ ಪಾಲೂ ಇದ್ದೀತು.) ನಮ್ಮ ಬೆಂಗಳೂರಿನ ಜಯದೇವ ಸಂಸ್ಥೆಯ ವೈದ್ಯರು ಚಿಕ್ಕ ವಯಸ್ಸಿನ ಹೃದ್ರೋಗಿಗಳ ದಾಖಲೆ ಇಟ್ಟಾಗ ಆಟೋ, ಕ್ಯಾಬ್ ಚಾಲಕರು ಎದ್ದು ಕಂಡರು. ಬೀಡಿ, ನಿದ್ದೆಗೇಡು, ಹೊತ್ತು ತಪ್ಪಿದ ಊಟ ಇವೆಲ್ಲ ಕಾರಣವೇ. ಅದರ ಮೇಲೆ ಹೊಗೆ.

ಪ್ಯೂರಿಫೈಯರ್ ಬೇಕಿದ್ದರೆ ಕೊಳ್ಳಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಸೊಸೈಟಿ ಮೀಟಿಂಗ್‌ನಲ್ಲಿ ಕಾವಲುಗಾರನ ಕುರ್ಚಿಯನ್ನು ರಸ್ತೆಯಂಚಿನಿಂದ ಒಳಕ್ಕೆ ಸರಿಸಲು ಹೇಳಿ. ಗೇಟಿನಲ್ಲಿ ಕಾಯುವ ಗಾಡಿ ಎಂಜಿನ್ ಆಫ್ ಮಾಡಲಿ. ಅವರಿಗೆ ಎನ್95 ಮಾಸ್ಕ್ ಕೊಡಿಸಿ. ಕರವಸ್ತ್ರ ಈ ಕಣವನ್ನು ತಡೆಯದು. ವರ್ಷಕ್ಕೊಮ್ಮೆ ಸಿಬ್ಬಂದಿಯ ಬಿಪಿ, ಶುಗರ್ ಪರೀಕ್ಷೆ ಮಾಡಿಸಿ. ನಿಮ್ಮ ವಾಕಿಂಗ್ ಮುಖ್ಯರಸ್ತೆ ಬಿಟ್ಟು ಒಳಗಲ್ಲಿಯಲ್ಲಿರಲಿ.

ಗೇಟಿನಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಬೆವರುತ್ತಾ "ಗ್ಯಾಸ್ ಅಷ್ಟೇ ಸಾರ್" ಎಂದರೆ ನಂಬಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.