ಎರಡನೆಯ ಕೊಡ: ಒಂದು ಜನಪದ ಕಥೆಯ ಪಾಠ

ಅಭ್ಯಾಸ ಬೋಧನೆಯ ಎರಡನೆಯ ವಾರ, ಕುಷ್ಟಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಗೆ ಪೂರಕ ಓದಾಗಿ ನಾನು ಆರಿಸಿಕೊಂಡದ್ದು ಹುಡುಗಿಯೊಬ್ಬಳು ಹೂಮರವಾಗುವ ನಮ್ಮ ಜನಪದ ಕಥೆಯನ್ನು. ಎ. ಕೆ. ರಾಮಾನುಜನ್ ಇದನ್ನು ಕರ್ನಾಟಕದಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ತಂದರು. ಅವರು ತೀರಿಕೊಂಡ ಮೇಲೆ, 1997ರಲ್ಲಿ ಬಂದ ಅವರ ಕಥಾಸಂಗ್ರಹಕ್ಕೆ ಈ ಕಥೆಯ ಹೆಸರೇ ಇದೆ. ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರಕ್ಕೂ ಇದೇ ಮೂಲ.

ಬಡ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ದುಡಿತ ನೋಡಲಾರದೆ ತಂಗಿ ಒಂದು ದಾರಿ ಹುಡುಕುತ್ತಾಳೆ. ಅಕ್ಕ ಉಗುರು ತಾಗಿಸದೆ ಎರಡು ಕೊಡ ನೀರು ತರಬೇಕು. ಒಂದನ್ನು ಸುರಿದರೆ ತಂಗಿ ಮರವಾಗುತ್ತಾಳೆ. ಚಿಗುರಿಗೆ ನೋವಾಗದಂತೆ ಹೂ ಬಿಡಿಸಿಕೊಂಡು ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಹೂ ಅರಮನೆ ಸೇರುತ್ತದೆ, ರಾಜಕುಮಾರ ತಂಗಿಯನ್ನು ಮದುವೆಯಾಗುತ್ತಾನೆ. ಅಲ್ಲಿ ನಾದಿನಿ, ಅವಳ ಗೆಳತಿಯರು ಹಟ ಹಿಡಿದು ಮರ ಮಾಡಿಸಿ, ಕೊಂಬೆ ಮುರಿದು, ಎರಡನೆಯ ಕೊಡವನ್ನು ಅರೆಬರೆ ಸುರಿದು ಓಡುತ್ತಾರೆ. ಹುಡುಗಿ ಕೈಕಾಲಿಲ್ಲದ ಅರೆಜೀವವಾಗಿ ಉಳಿಯುತ್ತಾಳೆ.

ನನ್ನ ಪಾಠಯೋಜನೆಯಲ್ಲಿದ್ದ ಉದ್ದೇಶ ‘ಅದ್ಭುತ ಅಂಶಗಳನ್ನು ಗುರುತಿಸುವರು’. ಪ್ರೇರಣೆಗೆಂದು ಕೇಳಿದೆ: “ಮನುಷ್ಯರು ಮರವಾಗಲು ಸಾಧ್ಯವೇ?” ಇಡೀ ತರಗತಿ “ಇಲ್ರೀ ಸರ” ಎಂದಿತು. ಅಲ್ಲಿಗೆ ಮುಗಿಯಿತು. ಪ್ರಶ್ನೆಯೇ ಕಥೆಯ ಬಾಗಿಲು ಮುಚ್ಚಿತೆಂದು ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು. ಅದಕ್ಕಿಂತ ದೊಡ್ಡ ತಪ್ಪು ಅವರ ಕಣ್ಣಿಗೆ ಬೀಳಲಿಲ್ಲ. ಹಿಂದಿನ ಸಾಲಿನ ಹುಡುಗಿ ಮೆಲ್ಲಗೆ “ಗಂಡನ ಮನಿಗೆ ಅಕ್ಕ ಯಾಕ ಹೋಗ್ಲಿಲ್ರೀ?” ಎಂದಿದ್ದಳು. ಯೋಜನೆಯಲ್ಲಿ ಉತ್ತರವಿರಲಿಲ್ಲ. “ಮುಂದ ನೋಡೋಣು” ಎಂದು ಕಪ್ಪುಹಲಗೆಯ ಕಡೆ ತಿರುಗಿಬಿಟ್ಟಿದ್ದೆ.

ಮರುದಿನ ಪುಸ್ತಕ ಮುಚ್ಚಿಟ್ಟು ಬಾಯಿಮಾತಿನಲ್ಲೇ ಕಥೆ ಹೇಳಿದೆ. (ಜನಪದ ಕಥೆಯನ್ನು ಓದಿ ಹೇಳಿದರೆ ಅರ್ಧ ಸಾಯುತ್ತದೆ.) ಮೊದಲ ಪ್ರಶ್ನೆಯನ್ನೂ ಬದಲಿಸಿದೆ: “ನಿಮ್ಮ ಮನ್ಯಾಗ ನೀರು ಯಾರು ತರ್ತಾರ?” ಎಲ್ಲರೂ ಒಮ್ಮೆಗೇ ಮಾತಾಡಿದರು. ಯಾವ ನಲ್ಲಿ, ಎಷ್ಟು ಕೊಡ, ಎಷ್ಟು ಹೊತ್ತು ಸರದಿ. ಹುಡುಗರಲ್ಲಿ ಇಬ್ಬರೇ ಕೈ ಎತ್ತಿದರು. ನಾನೂ ಎತ್ತುವಂತಿರಲಿಲ್ಲ, ನಮ್ಮ ಮನೆಯಲ್ಲೂ ನೀರು ಹೊತ್ತವಳು ಅಕ್ಕನೇ.

ಹಿಂದಿನ ದಿನ ಕೇಳಿದ ಹುಡುಗಿ ಆಗ ಹೇಳಿದಳು: ಅವಳ ಅಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದಾಳೆ, ಭತ್ತದ ನಾಟಿಗೆ ಗಂಗಾವತಿ ಕಡೆ ಹೋಗುತ್ತಾಳೆ. “ನನ್ನ ಪಟ್ಟಿ, ಪೆನ್ನು ಅಕ್ಕಾನ ಕೊಡಸ್ತಾಳ್ರೀ.”

ಕಥೆಯ ಕೊನೆಯಲ್ಲಿ ಗಂಡ ಅಲೆಯುತ್ತಾ ತನ್ನ ಅಕ್ಕನ ಊರಿಗೆ ಬಂದು ಹೆಂಡತಿಯನ್ನು ಗುರುತಿಸುತ್ತಾನೆ. ಮುರಿದ ಕೊಂಬೆಗಳನ್ನು ಜೋಡಿಸಿ ನೀರು ಸುರಿಯುತ್ತಾನೆ. ನೀರಿಗೆ ಹೋಗದ ಹುಡುಗರು ಈ ಭಾಗವನ್ನು ಎರಡು ಸಲ ಹೇಳಿಸಿಕೊಂಡರು. ಮೌಲ್ಯಮಾಪನದ ಐದು ಪ್ರಶ್ನೆಗಳನ್ನು ಬಿಟ್ಟು, ‘ನನಗೆ ಎರಡನೆಯ ಕೊಡ ಸುರಿಯುವವರು ಯಾರು?’ ಎಂದು ಬರೆಸಿದೆ. ಆ ಹುಡುಗಿ ‘ಅಕ್ಕ’ ಎಂದು ಬರೆದು, ಕೆಳಗೆ ‘ಅಕ್ಕನಿಗೆ?’ ಎಂದು ಬರೆದಿದ್ದಳು.

ಅಂಕ ಕೊಡಲು ಗೊತ್ತಾಗದೆ ಆ ಹಾಳೆಯನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿದೆ. ನಾಟಿ ಮುಗಿಸಿ ಅಕ್ಕ ಊರಿಗೆ ಬಂದಾಗ ಮನೆಗೆ ಹೋಗಿ ಮಾತಾಡೋಣ ಎಂದರು. ಅಷ್ಟರಲ್ಲಿ ನನ್ನ ಅಭ್ಯಾಸ ಬೋಧನೆಯ ದಿನಗಳು ಮುಗಿದವು. ನಾಟಿ ಮುಗಿಯಲು ಇನ್ನೂ ಎರಡು ವಾರವಿದೆ. ಹೋಗುವ ದಿನ ತಿಳಿಸಲು ಅವರಿಗೆ ಹೇಳಿ ಬಂದಿದ್ದೇನೆ.